ಬಾಪೂಜಿನಗರದ ಚರಿತ್ರೆ ನಿಮ್ಮ ಬೀರುವಿನಲ್ಲಿದೆ

ಬೆಂಗಳೂರಿನ ಪಶ್ಚಿಮದಲ್ಲಿ, ಮೈಸೂರು ರಸ್ತೆಗೆ ಅಂಟಿಕೊಂಡಂತೆ ಬೆಳೆದ ಬಾಪೂಜಿನಗರದ ಬಗ್ಗೆ ಗ್ರಂಥಾಲಯದಲ್ಲಿ ಹುಡುಕಿದರೆ ಸಿಗುವುದು ಅಷ್ಟಕ್ಕಷ್ಟೆ. ವಾರ್ಡಿನ ಗಡಿ, ಮತದಾರರ ಪಟ್ಟಿ, ಸರ್ವೆ ನಂಬರು, ಜೋರು ಮಳೆಗೆ ರಸ್ತೆಯಲ್ಲಿ ನೀರು ನಿಂತ ಸುದ್ದಿ. ಇಲ್ಲಿ ಅರಮನೆಯಿಲ್ಲ, ಕೋಟೆಯಿಲ್ಲ. ಹತ್ತಿರದ ಗಾಳಿ ಆಂಜನೇಯಸ್ವಾಮಿ ದೇವಸ್ಥಾನಕ್ಕೆ ವ್ಯಾಸರಾಯರ ಹೆಸರಿನ ಐತಿಹ್ಯವಿದೆ. ಸುತ್ತಲಿನ ಅತ್ತಿಗುಪ್ಪೆ, ಗಂಗೊಂಡನಹಳ್ಳಿ, ಹೊಸಹಳ್ಳಿ, ಬ್ಯಾಟರಾಯನಪುರ ಒಂದು ಕಾಲಕ್ಕೆ ಹೊಲಗದ್ದೆಗಳಿದ್ದ ಊರುಗಳು. ಆದರೆ ಹೊಲ ಸೈಟಾಗಿ, ಸೈಟಿನಲ್ಲಿ ಶೀಟಿನ ಮನೆ ಎದ್ದು, ಆ ಮನೆ ಮೂರಂತಸ್ತಿನ ಕಟ್ಟಡವಾದ ಕತೆಯನ್ನು ಯಾವ ಗೆಜೆಟಿಯರೂ ಮನೆಮನೆಯ ಮಟ್ಟಕ್ಕೆ ಇಳಿದು ಹೇಳುವುದಿಲ್ಲ. ಅದು ಇರುವುದು ಬೀರುವಿನ ಮೇಲಿನ ಖಾನೆಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಆಲ್ಬಂಗಳಲ್ಲಿ.

ಇದು ಬಾಪೂಜಿನಗರವೊಂದರ ಮಾತಲ್ಲ. ಇದೇ ರಸ್ತೆಯ ಕೆಂಗೇರಿ ತನ್ನದೇ ಪುರಸಭೆಯಿದ್ದ ಪುಟ್ಟ ಪಟ್ಟಣವಾಗಿತ್ತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಅದರೊಳಗೆ ಸೇರಿಹೋಯಿತು. ಊರು ನಗರದಲ್ಲಿ ಕರಗಿದ ಮೇಲೆ ಅದರ ಪ್ರತ್ಯೇಕ ಚಹರೆಗೆ ಉಳಿಯುವ ಸಾಕ್ಷಿ ಅಲ್ಲಿಯ ಜನರ ಬಳಿಯಿರುವ ಚಿತ್ರಗಳೇ.

ನಕಲು ಮಾಡಿಟ್ಟುಕೊಳ್ಳುವುದರ ಬೆಲೆ ಏನು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. ಬಿ.ಎಲ್. ರೈಸ್ ಸಿದ್ಧಪಡಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಅಚ್ಚಾಯಿತು. ಅದರಲ್ಲಿ ದಾಖಲಾದ ಎಷ್ಟೋ ಶಾಸನದ ಕಲ್ಲುಗಳು ಆಮೇಲೆ ಪಾಯಕ್ಕೋ ರಸ್ತೆಗೋ ಹೋಗಿ ಕಾಣೆಯಾದವು. ಕಲ್ಲು ಹೋದರೂ ಪಾಠ ಉಳಿದದ್ದು ಯಾರೋ ಕೂತು ಅದನ್ನು ನಕಲು ಮಾಡಿಕೊಂಡಿದ್ದರಿಂದ. ಕಲ್ಲಿನ ಗತಿಯೇ ಹೀಗಿರುವಾಗ ಕಾಗದದ ಫೋಟೊಗೆ ಕಾಯಲು ಪುರುಸೊತ್ತಿಲ್ಲ.

ಬೀದಿಯ ಯುವಕ ಸಂಘ, ಶಾಲೆಯ ಮೇಷ್ಟ್ರು, ಅಪಾರ್ಟ್‌ಮೆಂಟಿನ ನಾಲ್ಕು ಗೃಹಿಣಿಯರು, ಯಾರು ಬೇಕಾದರೂ ಬಡಾವಣೆಯ ಹಳೆಯ ಫೋಟೊಗಳನ್ನು ಕೂಡಿಸಿ ನಕಲು ಮಾಡಿಡುವ ಈ ಕೆಲಸ ಹಿಡಿಯಬಹುದು. ದೊಡ್ಡ ದುಡ್ಡು ಬೇಕಿಲ್ಲ. ಏನನ್ನು ನೋಡಬೇಕು, ಏನನ್ನು ಕೇಳಬೇಕು, ಏನನ್ನು ಮಾಡಲೇಬಾರದು ಎಂಬುದು ತಿಳಿದಿರಬೇಕು.

ತಲೆಗಳ ಮೇಲಿಂದಾಚೆ ನೋಡಿ

ಈ ಭಾಗದ ಆಲ್ಬಂಗಳಲ್ಲಿ ಸಾಮಾನ್ಯವಾಗಿ ಸಿಗುವಂಥ ಒಂದು ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳೋಣ. ಗೃಹಪ್ರವೇಶ. ಬಾಗಿಲಿಗೆ ಮಾವಿನ ತೋರಣ, ಎರಡೂ ಬದಿಗೆ ಬಾಳೆಕಂದು. ನಡುವೆ ಕುರ್ಚಿಯಲ್ಲಿ ಅಜ್ಜಿ, ಹಿಂದೆ ನಿಂತ ಗಂಡಸರು ಹೆಂಗಸರು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಮಕ್ಕಳು. ಮನೆಯವರ ಕಣ್ಣು ಅಜ್ಜಿಯ ಮೇಲೆ ಹೋಗುತ್ತದೆ. ಊರಿನ ಚರಿತ್ರೆ ಬೇಕಾದವರು ಆ ತಲೆಗಳ ಮೇಲಿಂದಾಚೆ ನೋಡಬೇಕು. ಎಡಗಡೆ ಗಿಲಾವು ಕಾಣದ ಇಟ್ಟಿಗೆ ಗೋಡೆ, ಅದರಾಚೆ ಖಾಲಿ ಸೈಟು, ಸೈಟಿನಲ್ಲಿ ಜಾಲಿಗಿಡ. ಬಲಗಡೆ ಅರ್ಧ ಮಾತ್ರ ಚೌಕಟ್ಟಿನೊಳಗೆ ಬಂದ ಸ್ಕೂಟರು, ನಂಬರ್ ಪ್ಲೇಟಿನ ಮೂರಕ್ಷರ. ಹಿಂದಿನ ಮನೆಯ ತಾರಸಿಯ ಮೇಲೆ ಟಿವಿ ಆಂಟೆನಾ. ಮೂಲೆಯಲ್ಲಿ ಬೀದಿ ನಲ್ಲಿ, ಅದರ ಮುಂದೆ ಸಾಲುಗಟ್ಟಿದ ಬಿಂದಿಗೆಗಳು.

ಹಿಂದೆ ತಾರೀಖು ಬರೆದಿಲ್ಲ ಎಂದಿಟ್ಟುಕೊಳ್ಳಿ. ಆಗಲೂ ಚಿತ್ರವೇ ಬಹಳಷ್ಟು ಹೇಳುತ್ತದೆ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರಿನಲ್ಲಿ. ಹಾಗಾಗಿ ಈ ಬೀದಿಯ ತಾರಸಿಯ ಮೇಲೆ ಆಂಟೆನಾ ಇದ್ದರೆ ಚಿತ್ರ ಅದಕ್ಕಿಂತ ಹಿಂದಿನದಾಗಿರುವ ಸಾಧ್ಯತೆ ತೀರ ಕಡಿಮೆ. ಸ್ಕೂಟರಿನ ಮೇಲಿರುವುದು ‘ಎಂವೈ’ ಅಥವಾ ‘ಸಿಎ’ಯಿಂದ ಶುರುವಾಗುವ ಹಳೆಯ ಸರಣಿ. 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ ಮೇಲೆ ಬಂದದ್ದು ‘ಕೆಎ’, ರಾಜಾಜಿನಗರಕ್ಕೆ ‘ಕೆಎ 02’. ಆದರೆ ಇಲ್ಲಿ ಎಡವಬಾರದು. ಹಳೆಯ ಸರಣಿಯ ಸ್ಕೂಟರು 1995ರಲ್ಲೂ ಓಡಾಡುತ್ತಿತ್ತು. ಹೊಸದೊಂದು ಕಂಡರೆ ಚಿತ್ರ ಅದಕ್ಕಿಂತ ಮುಂಚಿನದಲ್ಲ ಎಂದು ಧೈರ್ಯವಾಗಿ ಹೇಳಬಹುದು; ಹಳೆಯದೊಂದು ಕಂಡರೆ ಏನನ್ನೂ ಖಚಿತವಾಗಿ ಹೇಳಲಾಗದು. ಕಾಲ ಗುರುತಿಸುವ ಕೆಲಸದಲ್ಲಿ ಇದೊಂದು ಸೂತ್ರ ನೆನಪಿದ್ದರೆ ಅರ್ಧ ತಪ್ಪುಗಳು ತಪ್ಪುತ್ತವೆ.

ಇಂಥ ಸುಳಿವುಗಳು ಇನ್ನೂ ಎಷ್ಟೋ ಇವೆ. ಅಂಗಡಿ ಬೋರ್ಡಿನ ವಿಳಾಸದಲ್ಲಿ ‘ಬೆಂಗಳೂರು-26’ ಎಂದಿದೆಯೋ ‘560026’ ಎಂದಿದೆಯೋ ನೋಡಿ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಸರ್ಕಾರಿ ಬೋರ್ಡಿನಲ್ಲಿ ‘ಮೈಸೂರು ಸರ್ಕಾರ’ವೋ ‘ಕರ್ನಾಟಕ ಸರ್ಕಾರ’ವೋ? ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1. ಫೋನ್ ನಂಬರಿಗೆ 0812 ಎಂಬ ಹಳೆಯ ಎಸ್‌ಟಿಡಿ ಕೋಡ್ ಇದೆಯೇ, 080 ಇದೆಯೇ? ನಂಬರು ಎಂಟಂಕಿಯದ್ದಾದರೆ 2000ದ ನಂತರದ ಬೋರ್ಡು. ಸಿಟಿ ಬಸ್ಸಿನ ಮೇಲೆ ಬಿಟಿಎಸ್ ಎಂದಿದೆಯೋ, 1997ರಲ್ಲಿ ಬಂದ ಬಿಎಂಟಿಸಿ ಎಂದಿದೆಯೋ? ರಾಜ್ಯೋತ್ಸವದ ಮೆರವಣಿಗೆಯಲ್ಲಿ ಹಳದಿ-ಕೆಂಪು ಬಾವುಟ ಹಾರುತ್ತಿದ್ದರೆ, ಅದನ್ನು ಮ. ರಾಮಮೂರ್ತಿ ರೂಪಿಸಿದ 1960ರ ದಶಕದಿಂದ ಈಚಿನದು. ರಸ್ತೆಯ ನಡುವೆ ಮೆಟ್ರೊ ಕಂಬವಿದ್ದು ಮೇಲೆ ರೈಲಿನ ಸುಳಿವೇ ಇಲ್ಲದಿದ್ದರೆ ಬಹುಶಃ 2015ರ ನವೆಂಬರಿಗಿಂತ ಹಿಂದಿನದು. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೊ ಓಡತೊಡಗಿದ್ದು ಆಗ. ಅದು ಕೆಂಗೇರಿ ಮುಟ್ಟಿದ್ದು 2021ರ ಆಗಸ್ಟಿನಲ್ಲಿ.

ಮೈಸೂರಿಗೆ ಹೋಗುವ ರೈಲು ಹಳಿ ಕಾಣುವ ಚಿತ್ರ ಸಿಕ್ಕರೆ ಜೋಪಾನವಾಗಿ ನೋಡಿ. ಈ ಮಾರ್ಗ ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿಗೆ ಬದಲಾದದ್ದು 1990ರ ದಶಕದಲ್ಲಿ. ಎರಡು ಹಳಿಗಳ ನಡುವಿನ ಅಂತರ ಮೊದಲು ಒಂದು ಮೀಟರು, ಆಮೇಲೆ ಐದೂವರೆ ಅಡಿ. ಹಳಿಯ ಪಕ್ಕ ಮನುಷ್ಯರು ನಿಂತಿದ್ದರೆ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಗೋಡೆಯ ಮೇಲಿನ ಸಿನಿಮಾ ಪೋಸ್ಟರ್ ಮಾತ್ರ ಮೋಸ ಮಾಡಬಹುದು. ‘ಬಂಗಾರದ ಮನುಷ್ಯ’ 1972ರ ಚಿತ್ರ ನಿಜ, ಆದರೆ ರಾಜ್‌ಕುಮಾರ್ ಚಿತ್ರಗಳು ಮತ್ತೆ ಮತ್ತೆ ತೆರೆಗೆ ಬರುತ್ತಿದ್ದವು.

ಫೋಟೊದ ಬೆನ್ನನ್ನೂ ಓದಬೇಕು. ಸ್ಟುಡಿಯೊದ ಮೊಹರು, ಪೆನ್ಸಿಲಿನಲ್ಲಿ ಬರೆದ ನೆಗೆಟಿವ್ ನಂಬರು, ಕಾಗದ ತಯಾರಿಸಿದ ಕಂಪನಿಯ ಹೆಸರು. ‘ಇಂದು’ ಎಂಬ ಗುರುತಿದ್ದರೆ ಅದು ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾಗದ; ಆ ಕಾರ್ಖಾನೆಯಲ್ಲಿ ತಯಾರಿಕೆ ಶುರುವಾದದ್ದು 1967ರಲ್ಲಿ. ಚೌಕಾಕಾರದ ಸಣ್ಣ ಕಪ್ಪು-ಬಿಳುಪು ಪ್ರಿಂಟು ಬಹಳ ಸಲ ಆಗ್ಫಾ ಕ್ಲಿಕ್-3 ಥರದ ಕ್ಯಾಮೆರಾದ್ದು, ಅಂದರೆ ಸ್ಟುಡಿಯೊದವರಲ್ಲ, ಮನೆಯವರೇ ತೆಗೆದದ್ದು.

ಇಷ್ಟೆಲ್ಲ ಆದ ಮೇಲೂ ‘1984’ ಎಂದು ಒಂದೇ ಏಟಿಗೆ ಬರೆಯಬೇಡಿ. ‘ಅಂದಾಜು 1982ರಿಂದ 1988, ಕಾರಣ: ಆಂಟೆನಾ, ಖಾಲಿ ಸೈಟು’ ಎಂದು ಬರೆಯಿರಿ. ಊಹೆಯ ಜೊತೆ ಕಾರಣವನ್ನೂ ಬರೆದಿಟ್ಟರೆ ಮುಂದೆ ಹೆಚ್ಚು ತಿಳಿದವರು ಬಂದು ತಿದ್ದಬಹುದು. ಬರೀ ಇಸವಿ ಬರೆದುಬಿಟ್ಟರೆ ಅದು ಎಲ್ಲಿಂದ ಬಂತೆಂದು ಕೇಳುವವರಿಲ್ಲದೆ ಸತ್ಯದ ಹಾಗೆ ನಿಂತುಬಿಡುತ್ತದೆ.

ಹಿರಿಯರ ಹತ್ತಿರ ಕೂತಾಗ

ಹೆಸರು ಗೊತ್ತಿಲ್ಲದ ಚಿತ್ರ ಅರ್ಧ ಸತ್ತಂತೆ. ಚಿತ್ರಗಳನ್ನು ಸ್ಕ್ಯಾನ್ ಮಾಡುವುದನ್ನು ಬೇಕಾದರೆ ಮುಂದಿನ ವರ್ಷಕ್ಕೆ ಹಾಕಬಹುದು, ಎಪ್ಪತ್ತೈದು ದಾಟಿದವರ ಜೊತೆ ಕೂರುವುದನ್ನು ಮುಂದಕ್ಕೆ ಹಾಕಬೇಡಿ. ಇಡೀ ಕೆಲಸದಲ್ಲಿ ಆತುರ ಬೇಕಾದದ್ದು ಇದೊಂದಕ್ಕೆ.

‘ಇದು ಯಾವ ವರ್ಷದ್ದು?’ ಎಂದು ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ. ಇಸವಿಯ ಲೆಕ್ಕದಲ್ಲಿ ಯಾರೂ ಬದುಕುವುದಿಲ್ಲ. ‘ಆಗ ದೊಡ್ಡ ಮಗಳು ಸ್ಕೂಲಿಗೆ ಹೋಗುತ್ತಿದ್ದಳಾ?’, ‘ಮನೆಗೆ ನಲ್ಲಿ ಬಂದಿತ್ತಾ, ಇನ್ನೂ ಬೀದಿ ನಲ್ಲೀನಾ?’, ‘ಎಮರ್ಜೆನ್ಸಿಗೆ ಮುಂಚೆಯೋ ಆಮೇಲೋ?’ ಎಂದು ಕೇಳಿ. ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ, ವೀನಸ್ ಸರ್ಕಸ್ಸಿಗೆ ಬೆಂಕಿ ಬಿದ್ದದ್ದು 1981ರಲ್ಲಿ, ಗೋಕಾಕ್ ಚಳವಳಿ 1982ರಲ್ಲಿ, ಇಂದಿರಾ ಗಾಂಧಿ ಹತ್ಯೆ 1984ರಲ್ಲಿ. ನಗರದ ಇಂಥ ದೊಡ್ಡ ಘಟನೆಗಳ ಪಟ್ಟಿಯೊಂದು ಕೈಯಲ್ಲಿದ್ದರೆ ಮನೆಯ ನೆನಪನ್ನು ಅದಕ್ಕೆ ಗಂಟು ಹಾಕಬಹುದು.

ಮೊಬೈಲಿನಲ್ಲಿ ಧ್ವನಿ ದಾಖಲಿಸಿಕೊಳ್ಳುವ ಮೊದಲು ಒಪ್ಪಿಗೆ ಕೇಳಿ, ಆ ಒಪ್ಪಿಗೆಯೂ ದಾಖಲಾಗಲಿ. ಶುರುವಿನಲ್ಲೇ ದಿನಾಂಕ, ಹೆಸರು, ಎಲ್ಲಿ ಕೂತಿದ್ದೀರಿ ಎಂಬುದನ್ನು ಬಾಯಿಬಿಟ್ಟು ಹೇಳಿ. ಮಾತಾಡುವಾಗ ಅವರು ಬೆರಳಿಟ್ಟು ‘ಇವನೇ ನೋಡು’ ಎನ್ನುತ್ತಾರೆ. ರೆಕಾರ್ಡರಿಗೆ ಬೆರಳು ಕಾಣುವುದಿಲ್ಲ. ‘ಎಡದಿಂದ ಮೂರನೆಯವರು, ಕನ್ನಡಕ ಹಾಕಿದವರು ಅಲ್ವಾ?’ ಎಂದು ನೀವೇ ಗಟ್ಟಿಯಾಗಿ ಹೇಳಬೇಕು. ಗುಂಪು ದೊಡ್ಡದಿದ್ದರೆ ಚಿತ್ರದ ಮೇಲೆ ಬಟರ್ ಪೇಪರ್ ಇಟ್ಟು, ಒತ್ತದೆ, ತಲೆಗಳ ಹೊರರೇಖೆ ಬರೆದು ಒಂದೊಂದಕ್ಕೂ ನಂಬರು ಕೊಡಿ. ಇನ್ನೂ ಒಳ್ಳೆಯದೆಂದರೆ ಜೆರಾಕ್ಸ್ ತೆಗೆದು ಅದರ ಮೇಲೆ ಬರೆಯುವುದು.

ಮಾತು ಎತ್ತೆತ್ತಲೋ ಹೋಗುತ್ತದೆ, ಹೋಗಲಿ ಬಿಡಿ. ಅಣ್ಣಮ್ಮ ದೇವಿಯನ್ನು ಕೂರಿಸಿದ ಪೆಂಡಾಲಿನ ಚಿತ್ರ ತೋರಿಸಿದರೆ ಚಂದಾ ಎತ್ತಿದ್ದು ಯಾರು, ಆರ್ಕೆಸ್ಟ್ರಾಗೆ ಯಾರು ಬಂದಿದ್ದರು, ಆ ಜಾಗದಲ್ಲಿ ಮುಂಚೆ ಬಾವಿ ಇತ್ತಾ ಎಂಬುದೆಲ್ಲ ಹೊರಗೆ ಬರುತ್ತದೆ. ಕವಿಕಾ, ಬಿಎಚ್‌ಇಎಲ್, ಬಿನ್ನಿ ಮಿಲ್ಲಿನಂಥ ಕಡೆ ದುಡಿದವರ ಮನೆಗಳಲ್ಲಿ ಯೂನಿಯನ್ ಸಭೆ, ಆಯುಧಪೂಜೆ, ನಿವೃತ್ತಿಯ ದಿನದ ಹಾರದ ಫೋಟೊಗಳಿರುತ್ತವೆ. ವೃಷಭಾವತಿ ನದಿಯ ದಡದಲ್ಲಿ ತೆಗೆದ ಒಂದು ಚಿತ್ರ ಸಿಕ್ಕರಂತೂ ಅದರ ಬೆಲೆ ಕಟ್ಟಲಾಗದು. ಆ ನೀರು ಒಂದು ಕಾಲಕ್ಕೆ ತಿಳಿಯಾಗಿತ್ತು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ, ಕಣ್ಣಾರೆ ಕಂಡವರು ಕಡಿಮೆಯಾಗುತ್ತಿದ್ದಾರೆ.

ಈ ಬೀದಿಗಳಲ್ಲಿ ಕನ್ನಡದ ಜೊತೆ ಉರ್ದು, ತಮಿಳು, ತೆಲುಗು ಮಾತಾಡುವ ಮನೆಗಳಿವೆ. ಫೋಟೊದ ಬೆನ್ನ ಮೇಲೆ ಉರ್ದುವಿನಲ್ಲಿ ಏನೋ ಬರೆದಿದ್ದರೆ ಅದನ್ನು ಇದ್ದ ಹಾಗೇ ನಕಲು ಮಾಡಿ, ಪಕ್ಕದಲ್ಲಿ ಕನ್ನಡದ ಅರ್ಥ ಬರೆಯಿರಿ. ಹಬ್ಬ, ಉರುಸು, ಮದುವೆ, ಶಾಲೆಯ ಗ್ರೂಪ್ ಫೋಟೊ ಎಲ್ಲವೂ ಬರಬೇಕು. ಒಂದೇ ಸಮುದಾಯದ ನಾಲ್ಕು ಮನೆಗಳ ಆಲ್ಬಂ ಸೇರಿಸಿ ಅದನ್ನು ಬಡಾವಣೆಯ ಚರಿತ್ರೆ ಎನ್ನುವುದು ಸರಿಯಲ್ಲ.

ಮೂಲಪ್ರತಿಯ ಆರೈಕೆ

ಮಾಡಬಾರದ್ದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಹಾನಿ ಪ್ರೀತಿಯಿಂದಲೇ ಆಗುತ್ತದೆ. ಹಳೆಯ ಫೋಟೊಗೆ ಲ್ಯಾಮಿನೇಷನ್ ಮಾಡಿಸಲೇಬೇಡಿ. ಬಿಸಿ ಮತ್ತು ಅಂಟು ಸೇರಿ ಚಿತ್ರದೊಳಕ್ಕೆ ಇಳಿದರೆ ಮತ್ತೆ ಬಿಡಿಸುವ ದಾರಿಯಿಲ್ಲ. ಹರಿದದ್ದಕ್ಕೆ ಸೆಲೋ ಟೇಪ್ ಹಚ್ಚಬೇಡಿ. ಅದು ಹಳದಿಗಟ್ಟಿ, ಒಣಗಿ ಉದುರಿ, ಅಂಟಿನ ಕಲೆ ಬಿಟ್ಟುಹೋಗುತ್ತದೆ. ಹರಿದ ತುಂಡುಗಳನ್ನು ಹಾಗೇ ಒಂದು ಲಕೋಟೆಯಲ್ಲಿಡಿ. ಬೆನ್ನ ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ. ಒತ್ತಿದ ಗೆರೆ ಮುಂದಿನ ಬದಿಗೆ ಮೂಡುತ್ತದೆ, ಮಸಿ ಪಕ್ಕದ ಫೋಟೊಗೆ ಹತ್ತುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಹಗುರಾಗಿ ಬರೆದರೆ ಸಾಕು.

1980–90ರ ದಶಕಗಳಲ್ಲಿ ಮನೆಮನೆಗೆ ಬಂದ, ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿನ ಪುಟದ ಮೇಲೆ ಫೋಟೊ ಕೂರಿಸುವ ಆಲ್ಬಂಗಳು ಎಲ್ಲಕ್ಕಿಂತ ಕೆಟ್ಟವು. ಸುಲಭವಾಗಿ ಬಿಡಿಸಿಕೊಳ್ಳುವ ಫೋಟೊಗಳನ್ನು ಈಗಲೇ ಹೊರಗೆ ತೆಗೆಯಿರಿ. ಹಲ್ಲಿನ ಎಳೆದಾರವನ್ನು, ಅಂದರೆ ಡೆಂಟಲ್ ಫ್ಲಾಸನ್ನು, ಫೋಟೊದ ಹಿಂದೆ ನಿಧಾನವಾಗಿ ಎಳೆದರೆ ಎಷ್ಟೋ ಬಿಡಿಸಿಬರುತ್ತವೆ. ಬಾರದಿದ್ದರೆ ಬಲವಂತ ಬೇಡ, ಪುಟದ ಮೇಲಿದ್ದ ಹಾಗೇ ಸ್ಕ್ಯಾನ್ ಮಾಡಿ. ಕಪ್ಪು ಕಾಗದದ, ಮೂಲೆಗೆ ಸಿಕ್ಕಿಸುವ ಹಳೆಯ ಆಲ್ಬಂಗಳನ್ನು ಬಿಚ್ಚಬೇಡಿ. ಅಲ್ಲಿ ಯಾವುದರ ಪಕ್ಕ ಯಾವುದು ಅಂಟಿಸಿದ್ದಾರೆ ಎಂಬುದೂ ಮಾಹಿತಿಯೇ.

ದೇವರ ಮನೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಿಂತಿರುವ ಹಿರಿಯರ ಫೋಟೊಗಳ ಬಗ್ಗೆ ವಿಶೇಷ ಎಚ್ಚರ ಬೇಕು. ದೀಪದ ಮಸಿ, ಗಾಜಿಗೆ ಹಚ್ಚಿದ ಕುಂಕುಮ, ಹಿಂದಿನ ಗೋಡೆಯ ತೇವ, ರಟ್ಟಿನೊಳಗೆ ಗೆದ್ದಲು, ಎಲ್ಲವೂ ಸೇರಿ ಆ ಚಿತ್ರ ಮೊದಲು ಹೋಗುತ್ತದೆ. ಅನೇಕ ಸಲ ಫೋಟೊ ಗಾಜಿಗೇ ಅಂಟಿಕೊಂಡಿರುತ್ತದೆ. ಎಳೆದರೆ ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಸಮೇತ, ಕಿಟಕಿಯ ಪ್ರತಿಬಿಂಬ ಬೀಳದ ಕೋನದಲ್ಲಿ ಕ್ಯಾಮೆರಾದಿಂದ ತೆಗೆದುಕೊಳ್ಳಿ. ಒಳ್ಳೆಯ ಪ್ರತಿ ಮಾಡಿಸಿ, ಪೂಜೆಗೆ ಆ ಪ್ರತಿಯನ್ನು ತೂಗುಹಾಕಿ, ಮೂಲವನ್ನು ಒಳಗಿಡುವುದು ಉತ್ತಮ. ಮನೆಯವರು ಒಪ್ಪದಿದ್ದರೆ ಒತ್ತಾಯ ಬೇಡ, ಅದು ಅವರ ಹಿರಿಯರು.

ಇಡುವ ಜಾಗ ಒಣಗಿರಬೇಕು, ತಂಪಾಗಿರಬೇಕು, ಕತ್ತಲಿರಬೇಕು. ಅಟ್ಟ ಬೇಡ, ಬಚ್ಚಲಿಗೆ ತಾಗಿದ ಗೋಡೆ ಬೇಡ, ನೆಲಮಟ್ಟ ಅಂತೂ ಬೇಡವೇ ಬೇಡ. ತಗ್ಗಿನ ಬೀದಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮ್ಲರಹಿತ ಕಾಗದದ ಲಕೋಟೆ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಪಾಲಿಪ್ರೊಪಿಲೀನ್ ಕವರು. ಘಾಟು ವಾಸನೆಯ ಪಿವಿಸಿ ಬೇಡ. ನುಸಿಗುಳಿಗೆ ಫೋಟೊಗಳ ಜೊತೆ ಇಡಬೇಡಿ. ಮಳೆಗಾಲ ಕಳೆದ ಮೇಲೆ ಒಮ್ಮೆ ಪೆಟ್ಟಿಗೆ ತೆರೆದು ನೋಡಿ. ನೀರು ನುಗ್ಗಿ ಫೋಟೊಗಳು ನೆನೆದರೆ ಒಂದರ ಮೇಲೊಂದು ಒಣಗಲು ಬಿಡಬೇಡಿ, ಇಟ್ಟಿಗೆಯಾಗಿಬಿಡುತ್ತವೆ. ಶುದ್ಧ ತಣ್ಣೀರಿನಲ್ಲಿ ಮೆಲ್ಲಗೆ ಬೇರ್ಪಡಿಸಿ, ಚಿತ್ರದ ಬದಿ ಮೇಲಾಗಿಟ್ಟು ನೆರಳಿನಲ್ಲಿ ಒಣಗಿಸಿ. ಅಷ್ಟು ಬಿಡುವು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಆಮೇಲೆ ಒಂದೊಂದಾಗಿ ನೋಡಿಕೊಳ್ಳಬಹುದು.

ಸ್ಕ್ಯಾನ್, ಹೆಸರು, ನಕಲು

ಸಾಧಾರಣ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. ಪೋಸ್ಟ್‌ಕಾರ್ಡ್ ಗಾತ್ರದ ಪ್ರಿಂಟಿಗೆ 600 ಡಿಪಿಐ, ಪಾಸ್‌ಪೋರ್ಟ್ ಗಾತ್ರಕ್ಕೆ 1200. ಕಪ್ಪು-ಬಿಳುಪಾದರೂ ಬಣ್ಣದ ಮೋಡಿನಲ್ಲೇ ಸ್ಕ್ಯಾನ್ ಮಾಡಿ. ಕಂದು ಛಾಯೆ, ಕಲೆ, ಮಸಿ ಎಲ್ಲವೂ ಸಾಕ್ಷಿ. ಮೂಲ ಕಡತ ಟಿಫ್ ರೂಪದಲ್ಲಿರಲಿ, ಹಂಚಲು ಜೆಪೆಗ್ ಪ್ರತಿ ಮಾಡಿಕೊಳ್ಳಿ. ಬೆನ್ನನ್ನೂ ಸ್ಕ್ಯಾನ್ ಮಾಡುವುದನ್ನು ಮರೆಯಬೇಡಿ. ಯಾರದೋ ಮನೆಯಿಂದ ಆಲ್ಬಂ ಹೊರಗೆ ತರುವುದು ಬೇಡ ಎನಿಸಿದರೆ ಮೊಬೈಲೇ ಸಾಕು. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ, ಫೋಟೊದ ಕೆಳಗೆ ಕಪ್ಪು ರಟ್ಟು, ಫ್ಲಾಶ್ ಬಂದ್, ಮೊಬೈಲು ಫೋಟೊಗೆ ಸಮಾನಾಂತರ. ಇಷ್ಟು ಸರಿಯಾಗಿದ್ದರೆ ಫಲ ಚೆನ್ನಾಗಿಯೇ ಬರುತ್ತದೆ.

ಕಡತಕ್ಕೆ ಹೆಸರಿಡುವಾಗ ಸರಳವಾದ ಕ್ರಮವೊಂದನ್ನು ಹಿಡಿಯಿರಿ. ಮನೆಗೊಂದು ಸಂಖ್ಯೆ, ಚಿತ್ರಕ್ಕೊಂದು ಸಂಖ್ಯೆ, ಮುಂದೋ ಹಿಂದೋ ಎಂಬ ಗುರುತು. ‘012-034-ಹಿಂ’ ಎಂದರೆ ಹನ್ನೆರಡನೆಯ ಮನೆಯ ಮೂವತ್ತನಾಲ್ಕನೆಯ ಚಿತ್ರದ ಬೆನ್ನು. ಕತೆಯೆಲ್ಲ ಪಕ್ಕದ ಎಕ್ಸೆಲ್ ಹಾಳೆಯಲ್ಲಿ: ಯಾರ ಸಂಗ್ರಹ, ಎಲ್ಲಿ, ಅಂದಾಜು ಯಾವಾಗ, ಕಾರಣ, ಯಾರು ಯಾರು, ಹೇಳಿದವರು ಯಾರು, ಹಂಚಲು ಒಪ್ಪಿಗೆ ಎಷ್ಟರ ಮಟ್ಟಿಗೆ. ಕನ್ನಡವನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ, ಶ್ರೀಲಿಪಿ ಆಸ್ಕಿ ಫಾಂಟುಗಳಲ್ಲಿ ಟೈಪಾದ ಸಂಘಗಳ ಸ್ಮರಣಸಂಚಿಕೆಗಳು ಇವತ್ತಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುವುದನ್ನು ನೋಡಿದವರಿಗೆ ಇದರ ಮಹತ್ವ ಗೊತ್ತು. ಅಂಥವು ಸಿಕ್ಕರೆ ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದುಕೊಳ್ಳಿ.

ವಾಟ್ಸ್‌ಆ್ಯಪಿನಲ್ಲಿ ಫೋಟೊ ಕಳಿಸಿದರೆ ಅದು ಗಾತ್ರ ಕುಗ್ಗಿಸುತ್ತದೆ, ಜೊತೆಗಿದ್ದ ತಾಂತ್ರಿಕ ವಿವರವೂ ಹೋಗುತ್ತದೆ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಎಲ್ಲದರ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಮನೆಯಲ್ಲಿ. ಮಸುಕಾದ ಚಿತ್ರಕ್ಕೆ ಬಣ್ಣ ತುಂಬಿ, ಮುಖ ತಿದ್ದಿ ಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪುಗಳು ಈಗ ಬಂದಿವೆ. ಅಜ್ಜಿಯ ಸೀರೆ ಹಸಿರಾಗಿತ್ತೋ ಕೆಂಪಾಗಿತ್ತೋ ಆ ಆ್ಯಪಿಗೆ ಗೊತ್ತಿಲ್ಲ, ಅದು ಊಹಿಸುತ್ತದೆ. ಮನೆಯವರ ಸಂತೋಷಕ್ಕೆ ಮಾಡಿಕೊಟ್ಟರೂ ‘ತಿದ್ದಿದ ಪ್ರತಿ’ ಎಂದು ಬರೆದು ಬೇರೆ ಕಡತದಲ್ಲಿಡಿ. ಸಂಗ್ರಹದಲ್ಲಿ ಮೂಲವೇ ಇರಬೇಕು.

ಮುಚ್ಚುವ ಸ್ಟುಡಿಯೊಗಳ ಬಗ್ಗೆ ಒಂದು ಮಾತು. ಬಡಾವಣೆಯ ಸ್ಟುಡಿಯೊದ ನೆಗೆಟಿವ್‌ಗಳು ಯಾವ ಒಂದು ಮನೆಯ ಆಲ್ಬಂಗಿಂತಲೂ ದೊಡ್ಡ ನಿಧಿ. ಶಾಲೆ, ಮದುವೆ, ಸಂಘ, ಅಂಗಡಿ ಉದ್ಘಾಟನೆ ಎಲ್ಲವೂ ಅಲ್ಲಿ, ತಾರೀಖಿನ ರಿಜಿಸ್ಟರಿನ ಸಮೇತ. ಬೆಳ್ಳಿಯ ಅಂಶಕ್ಕಾಗಿ ಹಳೆಯ ಕಪ್ಪು-ಬಿಳುಪು ನೆಗೆಟಿವ್‌ಗಳು ತೂಕದ ಲೆಕ್ಕದಲ್ಲಿ ಮಾರಾಟವಾಗಿ ಹೋಗುತ್ತವೆ. ತಮಿಳುನಾಡಿನ ಹಳೆಯ ಸ್ಟುಡಿಯೊಗಳ ಚಿತ್ರಗಳನ್ನು ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನ ಸಂಶೋಧಕರು ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆಯಡಿ ಡಿಜಿಟಲ್ ಮಾಡಿದ್ದಾರೆ. ನಮ್ಮ ಬಡಾವಣೆಗಳ ಸ್ಟುಡಿಯೊಗಳಿಗೂ ಅಂಥ ಕೈ ಬೇಕು. ಶಟರ್ ಎಳೆಯುವ ಮುನ್ನ ಮಾಲೀಕರ ಮನೆಯವರನ್ನು ಮಾತಾಡಿಸಿ, ನೆಗೆಟಿವ್‌ಗಿಂತ ಮೊದಲು ರಿಜಿಸ್ಟರ್ ಕೇಳಿ. ನೆಗೆಟಿವ್ ಡಬ್ಬ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯತೊಡಗಿದೆ ಎಂದರ್ಥ. ಅವನ್ನು ಬೇರೆಯಾಗಿಟ್ಟು ಮೊದಲು ಸ್ಕ್ಯಾನ್ ಮಾಡಿ.

ಯಾರ ಹಕ್ಕು, ಯಾರ ಒಪ್ಪಿಗೆ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ. ಅಂದರೆ ಸ್ಟುಡಿಯೊಗೆ ಹೋಗಿ ತೆಗೆಸಿದ ಮದುವೆ ಫೋಟೊ ಸಾಮಾನ್ಯವಾಗಿ ಆ ಕುಟುಂಬದ್ದು. ಪತ್ರಿಕಾ ಛಾಯಾಗ್ರಾಹಕರದ್ದೋ ಹವ್ಯಾಸಿಗಳದ್ದೋ ಆದರೆ ಲೆಕ್ಕ ಬೇರೆ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರಕ್ಕೂ ತೆಗೆದವರ ಜೀವಿತಾವಧಿ ಮತ್ತು ಅದರಾಚೆಗೆ 60 ವರ್ಷ ಹಕ್ಕಿರುತ್ತದೆ. 1958ಕ್ಕಿಂತ ಮೊದಲು ತೆಗೆದ ಚಿತ್ರಗಳ ಅವಧಿ ಮುಗಿದಿದೆ. ಯಾವುದೇ ಆದರೂ ತೆಗೆದವರ ಹೆಸರು ಗೊತ್ತಿದ್ದರೆ ಹಾಕಿ, ಅದು ಕಾನೂನಿಗಿಂತ ಮೊದಲು ಮರ್ಯಾದೆಯ ಪ್ರಶ್ನೆ.

ಕಾನೂನು ಬಿಟ್ಟರೂ ಕೆಲವನ್ನು ಹಂಚಬಾರದು. ತೀರಿಕೊಂಡವರನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ತೆಗೆಸಿಕೊಂಡ ಫೋಟೊಗಳು ನಮ್ಮ ಹಳೆಯ ಆಲ್ಬಂಗಳಲ್ಲಿ ಸಿಗುತ್ತವೆ. ಎಷ್ಟೋ ಮನೆಗಳಲ್ಲಿ ಆ ವ್ಯಕ್ತಿಯ ಚಿತ್ರ ಇರುವುದು ಅದೊಂದೇ. ಅದನ್ನು ಜೋಪಾನವಾಗಿ ಸ್ಕ್ಯಾನ್ ಮಾಡಿ ಮನೆಯವರಿಗೆ ಕೊಡಿ, ಪ್ರದರ್ಶನಕ್ಕೆ ಇಡಬೇಡಿ. ಮುರಿದುಬಿದ್ದ ಮದುವೆಯ ಚಿತ್ರ, ಮಕ್ಕಳು ಸ್ನಾನ ಮಾಡುವ ಚಿತ್ರ, ಜಗಳ-ಗಲಭೆಯ ಚಿತ್ರ ಇವೂ ಹಾಗೆಯೇ. ಒಪ್ಪಿಗೆಯನ್ನು ಮೂರು ಬಗೆಯಾಗಿ ಕೇಳಿ: ಸಂಗ್ರಹದಲ್ಲಿಡಲು ಮಾತ್ರವೇ, ಬೀದಿಯ ಪ್ರದರ್ಶನಕ್ಕೂ ಆಗಬಹುದೇ, ಇಂಟರ್‌ನೆಟ್ಟಿಗೂ ಆಗಬಹುದೇ. ಬರೆಸಿಕೊಳ್ಳಿ, ಮತ್ತು ಮನಸ್ಸು ಬದಲಾದರೆ ತೆಗೆದುಬಿಡುತ್ತೇವೆಂದು ಹೇಳಿ, ಹಾಗೆಯೇ ನಡೆದುಕೊಳ್ಳಿ. ಮನೆಯ ಯಜಮಾನರು ಒಪ್ಪಿದರು ಎಂದು ಚಿತ್ರದಲ್ಲಿರುವ ಹೆಂಗಸರನ್ನು ಕೇಳದೆ ಬಿಡಬೇಡಿ.

ಬೀದಿಗೆ ತರುವುದು

ಮೊದಲ ಪ್ರದರ್ಶನಕ್ಕೆ ಸಭಾಂಗಣ ಹುಡುಕಬೇಕಿಲ್ಲ. ರಾಜ್ಯೋತ್ಸವದ ಪೆಂಡಾಲು, ಗಣೇಶನ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಜನ ಹೇಗೂ ಸೇರುತ್ತಾರೋ ಅಲ್ಲಿ. ಎ-4 ಗಾತ್ರದ ಪ್ರತಿಗಳು, ಕಣ್ಣಿನ ಎತ್ತರಕ್ಕೆ, ಮೂಲಪ್ರತಿ ಒಂದೂ ಬೇಡ. ಪ್ರತಿ ಚಿತ್ರದ ಕೆಳಗೆ ಒಂದು ಖಾಲಿ ಹಾಳೆ, ದಾರ ಕಟ್ಟಿದ ಪೆನ್ಸಿಲ್, ‘ಇವರು ಯಾರೆಂದು ಗೊತ್ತೇ? ಬರೆಯಿರಿ’ ಎಂಬ ಸಾಲು. ಹೆಸರು ಸಿಗದ ಚಿತ್ರಗಳನ್ನೇ ಮುಂದೆ ಇಡಿ. ಎರಡು ಜನ ಎರಡು ಬೇರೆ ಹೆಸರು ಬರೆದರೆ ಎರಡನ್ನೂ ದಾಖಲಿಸಿ, ಹೇಳಿದವರ ಹೆಸರಿನ ಸಮೇತ.

ಎಲ್ಲಕ್ಕಿಂತ ಹೆಚ್ಚು ಜನರನ್ನು ನಿಲ್ಲಿಸುವುದು ಅಂದು-ಇಂದು ಜೋಡಿಚಿತ್ರ. ಇದರ ಅತ್ಯುತ್ತಮ ಮಾದರಿ ನಮ್ಮ ಹಂಪಿಯಲ್ಲೇ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದರು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟ ಪುಸ್ತಕ 2008ರಲ್ಲಿ ಬಂತು. ಯಾವ ಕಂಬ ಬಿದ್ದಿದೆ, ಯಾವುದನ್ನು ಮತ್ತೆ ನಿಲ್ಲಿಸಿದ್ದಾರೆ ಎಂಬುದು ಅಲ್ಲಿ ವಾದವಿಲ್ಲದೆ ಕಾಣುತ್ತದೆ.

ಅದೇ ಜಾಗ ಹುಡುಕುವುದಕ್ಕೆ ಒಂದು ಉಪಾಯವಿದೆ. ಹಳೆಯ ಚಿತ್ರದಲ್ಲಿ ಹತ್ತಿರದ ವಸ್ತುವೊಂದನ್ನು, ದೂರದ ವಸ್ತುವೊಂದನ್ನು ಆರಿಸಿ. ವಿದ್ಯುತ್ ಕಂಬದ ಅಂಚು ಹಿಂದಿನ ಕಟ್ಟಡದ ಯಾವ ಕಿಟಕಿಗೆ ತಾಗಿದಂತೆ ಕಾಣುತ್ತಿದೆ? ನೀವು ಎಡಕ್ಕೆ ಬಲಕ್ಕೆ ಸರಿಯುತ್ತ ಹೋದರೆ ಒಂದು ಕಡೆ ಅವೆರಡೂ ಹಾಗೆಯೇ ಕೂಡುತ್ತವೆ. ಇಂಥ ಇನ್ನೊಂದು ಜೋಡಿ ಸಿಕ್ಕರೆ ಮುಂದೆ-ಹಿಂದೆ ಎಷ್ಟು ಎಂಬುದೂ ಗೊತ್ತಾಗುತ್ತದೆ. ನೆರಳಿನ ದಿಕ್ಕು ನೋಡಿ ಬೆಳಗಿನದೋ ಸಂಜೆಯದೋ ತಿಳಿದು ಅದೇ ಹೊತ್ತಿಗೆ ಹೋಗಿ. ಬಾಪೂಜಿನಗರದಂಥ ಕಡೆ ಹಳೆಯ ಕಟ್ಟಡಗಳು ಉಳಿದಿರುವುದು ಕಡಿಮೆ. ಹಾಗಾಗಿ ರೈಲು ಹಳಿ, ರಸ್ತೆಯ ತಿರುವು, ದೇವಸ್ಥಾನ, ಮಸೀದಿ, ಕಾಲುವೆಯಾದ ವೃಷಭಾವತಿಯ ಬಾಗು ಇವುಗಳನ್ನೇ ಗುರುತಿಗೆ ಹಿಡಿಯಬೇಕು.

ಒಂದಷ್ಟು ಚಿತ್ರ ಕೂಡಿದ ಮೇಲೆ, ಒಪ್ಪಿಗೆಯಿರುವುದನ್ನು ಮುಕ್ತ ಪರವಾನಗಿಯಲ್ಲಿ ವಿಕಿಮೀಡಿಯ ಕಾಮನ್ಸಿಗೆ ಹಾಕಬಹುದು. ಅಲ್ಲಿಂದ ಕನ್ನಡ ವಿಕಿಪೀಡಿಯದ ಲೇಖನಗಳಿಗೂ ಬರುತ್ತವೆ. ಆದರೆ ಹಾಕಿದ ಮೇಲೆ ಯಾರು ಬೇಕಾದರೂ ಬಳಸಬಹುದು ಎಂಬುದನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಿ. ಮನೆಮನೆಯ ಫೋಟೊಗಳ ಮೂಲಕ ಉಪಖಂಡದ ಚರಿತ್ರೆ ಹೇಳುವ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ 2010ರಿಂದ ನಡೆಯುತ್ತಿದೆ. ಒಂದು ಚಿತ್ರಕ್ಕೆ ಎಷ್ಟು ಉದ್ದದ, ಎಂಥ ಟಿಪ್ಪಣಿ ಬರೆಯಬೇಕೆಂದು ಅದನ್ನು ನೋಡಿ ಕಲಿಯಬಹುದು.

ಮೂಲಪ್ರತಿಗಳು ಆಯಾ ಮನೆಗಳಲ್ಲೇ ಇರುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯದು. ಅಜ್ಜಿಯ ಫೋಟೊ ಮೊಮ್ಮಗಳ ಕೈಯಲ್ಲಿದ್ದರೆ ಅದರ ಮಾತೂ ಜೊತೆಗಿರುತ್ತದೆ. ನೋಡಿಕೊಳ್ಳುವವರಿಲ್ಲದ ದೊಡ್ಡ ಸಂಗ್ರಹವಾದರೆ ಸಂಸ್ಥೆಗಳನ್ನು ಕೇಳಬಹುದು. ಮೈಸೂರಿನ ಹೆಸರಾಂತ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಸಂಗ್ರಹ ಈಗ ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿಯಲ್ಲಿದೆ. 1909ರಲ್ಲಿ ಶುರುವಾದ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗಳಲ್ಲೂ ವಿಚಾರಿಸಿ. ಕೊಡುವ ಮುನ್ನ ಪೂರ್ತಿ ಸ್ಕ್ಯಾನ್ ಪ್ರತಿಯನ್ನು ಬಡಾವಣೆಯಲ್ಲಿ ಉಳಿಸಿಕೊಳ್ಳಿ, ಷರತ್ತುಗಳನ್ನು ಬರಹದಲ್ಲಿ ಪಡೆಯಿರಿ. ಹಾರ್ಡ್ ಡಿಸ್ಕ್ ಯಾರ ಮನೆಯಲ್ಲಿದೆ, ಪಾಸ್‌ವರ್ಡ್ ಯಾರಿಗೆ ಗೊತ್ತು, ಅವರಿಗೆ ಆಗದಿದ್ದರೆ ಮುಂದೆ ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೂರು ಮನೆಗಳಲ್ಲಿ ಇಡಿ.

ಇವತ್ತಿನ ಬೀದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಡಾವಣೆಯ ಹತ್ತು ಜಾಗಗಳನ್ನು ಗುರುತು ಮಾಡಿಕೊಂಡು, ಪ್ರತಿ ವರ್ಷ ನವೆಂಬರ್ 1ರಂದು ಅದೇ ಕೋನದಿಂದ ಒಂದೊಂದು ಚಿತ್ರ ತೆಗೆಯಿರಿ. ಪ್ರಿಂಟ್ ಹಾಕಿಸಿ, ತಾರೀಖು ಮತ್ತು ಜಾಗ ಬರೆದಿಡಿ. ಈಗಿನ ನುಣುಪು ಕಾಗದದ ಬೆನ್ನ ಮೇಲೆ ಪೆನ್ಸಿಲ್ ಹತ್ತುವುದಿಲ್ಲ. ಫೋಟೊಗೆಂದೇ ಸಿಗುವ, ನೀರಿಗೆ ಹರಡದ ಪಿಗ್ಮೆಂಟ್ ಮಸಿಯ ಪೆನ್ನು ಬಳಸಿ, ಮಸಿ ಪೂರ್ತಿ ಒಣಗಿದ ಮೇಲೆ ಲಕೋಟೆಗೆ ಸೇರಿಸಿ.